ಹವಾಲ್ದಾರರ ‘ಸರಿ’

ಕುಕ್ಕರಿಗೆ ಬುದ್ಧಿ ಇರುವುದಿಲ್ಲ. ಇದ್ದಿದ್ದರೆ ಆ ಬೆಳಿಗ್ಗೆ, ಬಿಟ್ಟೂ ಬಿಟ್ಟು ಆ ಒಂದು ಮಾತಿನ ಮೇಲೆಯೇ ಕೂಗುತ್ತಿರಲಿಲ್ಲ.

ಮೇಟ್ರನಮ್ಮ ಅಡುಗೆಮನೆಯಲ್ಲಿ ನಿಂತು ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಮುಂದಿನ ಕೋಣೆಯಲ್ಲಿ ಅವರ ಗಂಡ, ಆ ಕ್ಷೇತ್ರದ ಶಾಸಕರು, ಫೋನಿನಲ್ಲಿದ್ದರು. ಆ ಕಡೆಯಿಂದ ಮಾತಾಡುತ್ತಿದ್ದವರು ಪಕ್ಷದ ಅಧ್ಯಕ್ಷರು. ಅವರನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು, ಅವರ ಸ್ವಂತ ಅಣ್ಣನೂ ಸೇರಿ.

“ಹೆರಿಗೆ ಆಸ್ಪತ್ರೆ ಮುಚ್ಚಿ ದೊಡ್ಡಾಸ್ಪತ್ರೆಗೆ ಸೇರಿಸೋ ಮಸೂದೆ. ನಾಳೆ ಹನ್ನೊಂದು ಗಂಟೆಗೆ ಮತಕ್ಕೆ ಬರುತ್ತೆ. ನಾನು ಪರವಾಗಿ ಹಾಕ್ಬೇಕು.”

ಇಷ್ಟನ್ನೂ ಗಂಡ ಒಂದೊಂದೇ ಪದ ಬಿಡಿಸಿ, ಪಾಠ ಒಪ್ಪಿಸುವವರ ಹಾಗೆ ಹೇಳಿದರು. ಇದರ ಬೆನ್ನಿಗೆ ಇನ್ನೊಂದು ಪದ ಬರಬೇಕಿತ್ತು. ಬಂತು ಕೂಡ. ಆದರೆ ಅದೇ ಗಳಿಗೆಗೆ ಕುಕ್ಕರು ಮನೆ ಹಾರಿಹೋಗುವ ಹಾಗೆ ಕೂಗಿ, ಆ ಪದವನ್ನು ನುಂಗಿ ನೀರು ಕುಡಿಯಿತು.

ಮೇಟ್ರನಮ್ಮ ಒಲೆ ಆರಿಸಿ ಬಾಗಿಲಿಗೆ ಬರುವಷ್ಟರಲ್ಲಿ ಫೋನು ಇಟ್ಟಾಗಿತ್ತು. ಗಂಡ ಸೂಟ್‌ಕೇಸಿನಲ್ಲಿ ಅಂಗಿ ಮಡಚಿಡುತ್ತಿದ್ದರು. ಮುಖ ನೋಡಿ ಏನಾದರೂ ತಿಳಿಯುತ್ತದೆಯೇ ಎಂದರೆ, ಇಪ್ಪತ್ತು ವರ್ಷ ಸೈನ್ಯದಲ್ಲಿ ಸವೆದ ಮುಖ, ಅಲ್ಲಿ ಮೀಸೆ ಬಿಟ್ಟರೆ ಬೇರೇನೂ ಓದಲು ಸಿಗುತ್ತಿರಲಿಲ್ಲ.

“ಹತ್ತು ನಿಮಿಷಕ್ಕೆ ಕಾರು ಬರುತ್ತೆ. ರಾಜಧಾನಿಗೆ ಹೋಗ್ಬೇಕು,” ಎಂದರು.

“ಊಟ?”

“ದಾರೀಲಿ ಮಾಡ್ತೀನಿ.”

ಅಷ್ಟೇ ಮಾತು. ಕಾರು ಬಂತು, ಹೋಯಿತು. ಮೇಟ್ರನಮ್ಮ ಬಾಗಿಲಲ್ಲಿ ನಿಂತೇ ಇದ್ದರು.

ಮುಚ್ಚಬೇಕೆಂದಿದ್ದ ಆಸ್ಪತ್ರೆ ಅವರು ಇಪ್ಪತ್ತೊಂಬತ್ತು ವರ್ಷದಿಂದ ದುಡಿಯುತ್ತಿದ್ದ ಆಸ್ಪತ್ರೆ. ಹದಿನಾರು ಮಂಚ, ಎರಡು ಹೆರಿಗೆ ಕೋಣೆ, ಸದಾ ಸೋರುವ ಒಂದು ನಲ್ಲಿ. ದೊಡ್ಡಾಸ್ಪತ್ರೆ ಇರುವುದು ನಲವತ್ತು ಮೈಲಿ ಆಚೆ. ನೋವು ಶುರುವಾದ ಹೆಣ್ಣುಮಗಳು ನಲವತ್ತು ಮೈಲಿ ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋಗಿ ಹೆರಲಿ ಎಂದು ಕುರ್ಚಿಯಲ್ಲಿ ಕೂತು ಲೆಕ್ಕ ಹಾಕಿದ ಮಹಾನುಭಾವ ಯಾರೋ ಗೊತ್ತಿಲ್ಲ. ಹೆತ್ತವನಂತೂ ಅಲ್ಲ.

ಇನ್ನು ಕುಕ್ಕರು ನುಂಗಿದ ಆ ಪದದ ವಿಷಯ. ಅದು ‘ಸರಿ’ ಆಗಿರಬೇಕು, ಇಲ್ಲವೇ ‘ಆಯ್ತು’ ಆಗಿರಬೇಕು. ನಮಗೂ ನಿಮಗೂ ಎರಡೂ ಒಂದೇ, ಸರಿ ಎಂದರೂ ಆಯ್ತು, ಆಯ್ತು ಎಂದರೂ ಸರಿ. ಹವಾಲ್ದಾರರಿಗೆ, ಅಂದರೆ ಮೇಟ್ರನಮ್ಮನ ಗಂಡನಿಗೆ, ಹಾಗಲ್ಲ. ಅವರಿಗೆ ಈ ಎರಡು ಪದಗಳ ನಡುವೆ ಭೂಮಿ ಆಕಾಶದಷ್ಟು ಅಂತರ. ಅದು ಗೊತ್ತಾಗಬೇಕಾದರೆ ಅವರ ಕತೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಹದಿನೆಂಟನೇ ವಯಸ್ಸಿಗೆ ಮನೆಯಲ್ಲಿ ಜಗಳವಾಡಿ ಸೈನ್ಯ ಸೇರಿದವರು ಅವರು. ಜಗಳ ಯಾತಕ್ಕೆ ಎಂದು ಮನೆಯವರೂ ಮರೆತರು, ಅವರೂ ಮರೆತರು, ಸೈನ್ಯ ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿತು. ಅಲ್ಲಿ ಅವರನ್ನು ವೈರ್‌ಲೆಸ್ ಪೆಟ್ಟಿಗೆಯ ಮುಂದೆ ಕೂರಿಸಿದರು. ಕೂರಿಸಿದ ಮೊದಲ ತಿಂಗಳೇ ಒಬ್ಬ ಜೊತೆಗಾರ ‘ಹದಿನೇಳು’ ಎಂದದ್ದನ್ನು ‘ಹದಿನಾರು’ ಎಂದು ಕೇಳಿಸಿಕೊಂಡ. ಊಟದ ಲಾರಿ ಬೇರೆ ಗುಡ್ಡಕ್ಕೆ ಹೋಯಿತು, ನೂರು ಮಂದಿ ಎರಡು ದಿನ ಒಣ ಬಿಸ್ಕತ್ತು ಕಡಿದರು. ಅವತ್ತಿನಿಂದ ಅವರ ಅಧಿಕಾರಿ ಒಂದು ಕಟ್ಟಪ್ಪಣೆ ಮಾಡಿದ. ಬಂದ ಸಂದೇಶವನ್ನು ಇದ್ದದ್ದು ಇದ್ದ ಹಾಗೆ ತಿರುಗಿ ಹೇಳಬೇಕು. ಕೇಳಿಸಿತು ಎನ್ನುವುದಕ್ಕೆ ಒಂದು ಪದ, ಮಾಡುತ್ತೇನೆ ಎನ್ನುವುದಕ್ಕೆ ಇನ್ನೊಂದು. ಒಂದರ ಜಾಗದಲ್ಲಿ ಇನ್ನೊಂದು ಬಾಯಿಗೆ ಬಂದರೆ ಮೈದಾನಕ್ಕೆ ಹತ್ತು ಸುತ್ತು ಓಟ. ಓಡಿ ಓಡಿ ಹವಾಲ್ದಾರರ ಬಾಯಿ ಪಳಗಿತು. ಕೇಳಿಸಿದ್ದಕ್ಕೆ ‘ಸರಿ’, ಮಾಡುವುದಕ್ಕೆ ‘ಆಯ್ತು’. ಹುಟ್ಟುಗುಣವಾದರೂ ಬಿಟ್ಟೀತು, ಸೈನ್ಯ ಕಲಿಸಿದ ಗುಣ ಬಿಡುವುದಿಲ್ಲ.

ಹೆಣ್ಣು ನೋಡಲು ಬಂದಾಗಲೂ ಇದೇ ರಾಗ. ಹುಡುಗಿಯ ತಾಯಿ ಮೊದಲೇ ಖಡಾಖಂಡಿತವಾಗಿ ಹೇಳಿದ್ದರು, “ನಮ್ಮ ಹುಡುಗಿ ನರ್ಸ್ ಕೆಲಸ ಬಿಡಲ್ಲಪ್ಪ.” ಹವಾಲ್ದಾರರು ಬೆನ್ನು ನೆಟ್ಟಗೆ ಮಾಡಿ, “ಹುಡುಗಿ ನರ್ಸ್ ಕೆಲಸ ಬಿಡಲ್ಲ. ಸರಿ,” ಎಂದು ಎದ್ದು ಹೋದರು. ಒಪ್ಪಿದ ಎಂದುಕೊಂಡು ತಾಯಿ ನೆಂಟರಿಗೆಲ್ಲ ಸುದ್ದಿ ಮುಟ್ಟಿಸಿದರು. ಮೂರು ವಾರ ಗಂಡಿನ ಕಡೆಯಿಂದ ಉಸಿರಿಲ್ಲ. ಆಮೇಲೆ ಗಡಿಯಿಂದ ಒಂದು ತಂತಿ ಬಂತು. ಅದರಲ್ಲಿದ್ದದ್ದು ಒಂದೇ ಪದ: ‘ಆಯ್ತು.’ ತಾಯಿ ಎದೆ ಹಿಡಿದುಕೊಂಡು ಕೂತುಬಿಟ್ಟರು. “ಅಯ್ಯೋ, ಏನಾಯ್ತಂತೆ? ಯಾರಿಗೇನಾಯ್ತಂತೆ?” ಮದುವೆಗೆ ಒಪ್ಪಿಗೆ ಅದು ಎಂದು ತಿಳಿಯುವ ಹೊತ್ತಿಗೆ ಪಕ್ಕದ ಮನೆಯವರೂ ಬಂದು ಅತ್ತು ಮುಗಿಸಿದ್ದರು.

ಇಪ್ಪತ್ತು ವರ್ಷ ಮುಗಿಸಿ, ಒಂದು ಶೆಲ್ಲಿನ ಸದ್ದಿಗೆ ಎಡಗಿವಿ ಕಳೆದುಕೊಂಡು, ಹವಾಲ್ದಾರರು ಊರಿಗೆ ಬಂದರು. ನಗರಸಭೆಯ ಟೆಲಿಫೋನ್ ಮೇಜಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಕೂತು ಆರು ವರ್ಷ ನಲ್ಲಿ, ಚರಂಡಿ, ಬೀದಿದೀಪದ ದೂರು ತಿರುಗಿ ಹೇಳುತ್ತಾ ಇದ್ದರು. ಆಮೇಲೆ ನದಿ ಉಕ್ಕಿತು. ಮೂರು ದಿನ ಊರು ನೀರಿನಲ್ಲಿ ಕೂತಿತು, ಹವಾಲ್ದಾರರು ಫೋನಿನ ಮುಂದೆ ಕೂತರು. ಮಹಡಿ ಹತ್ತಿ ಕೂತವರು ಫೋನು ಮಾಡಿ ಅರಚುತ್ತಿದ್ದರು. ಇವರು ಸಮಾಧಾನವಾಗಿ, “ಹಳದಿ ಗೋಡೆಯ ಮನೆ, ಹಿಂದಿನ ಮೆಟ್ಟಿಲು, ಒಬ್ಬರು ಅಜ್ಜಿ, ನಡೆಯೋಕಾಗಲ್ಲ. ಸರಿ,” ಎನ್ನುವರು. ದೋಣಿ ಹತ್ತಿರದಲ್ಲಿ ಇದ್ದರೆ ಮಾತ್ರ “ಆಯ್ತು” ಎನ್ನುವರು. ಆ ಮೂರು ದಿನ ಒಂದು ದೋಣಿಯೂ ತಪ್ಪು ಮನೆಗೆ ಹೋಗಲಿಲ್ಲ. ನೀರು ಇಳಿದ ಮೇಲೆ ಊರು, “ನಮ್ಮ ಮಾತು ಕೇಳೋ ಕಿವಿ ಇದ್ರೆ ಈ ಮನುಷ್ಯನಿಗೇ ಇರೋದು,” ಎಂದು ಅವರನ್ನು ಹೊತ್ತುಕೊಂಡು ಹೋಗಿ ಚುನಾವಣೆಗೆ ನಿಲ್ಲಿಸಿತು. ಒಂದೇ ಕಿವಿಯ ಮನುಷ್ಯ ಕಿವಿಯ ದೆಸೆಯಿಂದ ಗೆದ್ದ. ಮೊದಲು ನಗರಸಭೆ, ಆಮೇಲೆ ಶಾಸನಸಭೆ, ಅದೂ ಎರಡು ಸಲ.

ಶಾಸಕರಾದ ಮೇಲೆ ಈ ಎರಡು ಪದಗಳ ಫಜೀತಿ ದೊಡ್ಡದಾಯಿತು. ಬೆಳಗಾದರೆ ಮುಂದಿನ ಕೋಣೆ ತುಂಬ ಜನ. ಒಬ್ಬ ಬಂದು, “ನಮ್ಮ ಬೀದಿಗೆ ಮೋರಿ ಬೇಕು,” ಎನ್ನುವನು. ಇವರು, “ನಿಮ್ಮ ಬೀದಿಗೆ ಮೋರಿ ಬೇಕು. ಸರಿ,” ಎನ್ನುವರು. ಅವನು ಕೈ ಮುಗಿದು, ಮೋರಿಯೇ ಬಂದಷ್ಟು ಖುಷಿಯಲ್ಲಿ ಬೀದಿಗೆಲ್ಲ ಸಾರಿಕೊಂಡು ಹೋಗುವನು. ಇದು ಮೋಸ ಎಂದು ಮೇಟ್ರನಮ್ಮನಿಗೆ ಅನ್ನಿಸಿತು. ‘ಸರಿ ಎಂದರೆ ಕೇಳಿಸಿತು ಎಂದರ್ಥ’ ಎಂದು ಗೋಡೆಗೆ ಒಂದು ಬೋರ್ಡು ಹಾಕಿಸಿ ಎಂದರು. ಆದರೆ ಶಾಸಕರ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಮೇಷ್ಟ್ರು, ಶಾಲೆಯಿಂದ ನಿವೃತ್ತಿಯಾದರೂ ಬುದ್ಧಿವಂತಿಕೆಯಿಂದ ನಿವೃತ್ತಿಯಾಗದ ಮನುಷ್ಯ, ಎರಡೂ ಕೈ ಅಡ್ಡ ಹಿಡಿದರು.

“ಬೇಡಿ ತಾಯಿ. ಜನ ಸರಿ ಅಂದ್ರೆ ಮಾಡ್ತಾರೆ ಅಂದ್ಕೊಂಡಿದಾರೆ. ಅವ್ರು ಹಾಗೆ ಅಂದ್ಕೊಂಡ್ರೆ ನಮಗೇನು ನಷ್ಟ?”

ಬೋರ್ಡು ಬರಲಿಲ್ಲ. ಆ ವ್ಯತ್ಯಾಸ ಗೊತ್ತಿದ್ದವರು ಊರಲ್ಲಿ ಇಬ್ಬರೇ ಉಳಿದರು, ಒಬ್ಬರು ಮೇಷ್ಟ್ರು, ಇನ್ನೊಬ್ಬರು ಮೇಟ್ರನಮ್ಮ.

ಕೇಳಿದರೆ ಆಗುತ್ತಿತ್ತಲ್ಲ, ಗಂಡನನ್ನು ನೇರವಾಗಿ ಕೇಳಲು ಏನು ಧಾಡಿ ಎಂದು ನೀವು ಅನ್ನಬಹುದು. ಅದಕ್ಕೊಂದು ಒಪ್ಪಂದ ಅಡ್ಡ ಬಂತು. ಮೊದಲ ಸಲ ಗೆದ್ದ ದಿನ ಮೇಟ್ರನಮ್ಮನೇ ಹಾಕಿದ ಕರಾರು ಅದು. “ನನ್ನ ವಾರ್ಡಲ್ಲಿ ಯಾರು ಬಂದ್ರು, ಯಾಕೆ ಬಂದ್ರು ಅಂತ ನೀವು ಕೇಳ್ಬಾರ್ದು. ನಿಮ್ಮ ಸಭೇಲಿ ಯಾವುದಕ್ಕೆ ಓಟು ಹಾಕಿದ್ರಿ ಅಂತ ನಾನು ಕೇಳಲ್ಲ.” ಹತ್ತು ವರ್ಷ ಇಬ್ಬರೂ ಚಾಚೂ ತಪ್ಪದೆ ನಡೆಸಿದ್ದರು. ಈಗ ತನ್ನ ಆಸ್ಪತ್ರೆಗೆ ಬಿಸಿ ತಟ್ಟಿತೆಂದು ತಾನೇ ಕರಾರು ಮುರಿದರೆ, ನಾಳೆ ಯಾವ ಮುಖ ಇಟ್ಟುಕೊಂಡು ಬೇರೆಯವರಿಗೆ ಶಿಸ್ತು ಹೇಳುವುದು?

ಇದು ಹೊರಗಿನ ಕಾರಣ. ಒಳಗಿನ ಕಾರಣ ಬೇರೆ ಇತ್ತು. ಕೇಳಲು ಅವರಿಗೆ ಹೆದರಿಕೆಯಾಗಿತ್ತು.

ಯಾಕೆಂದರೆ ಇತ್ತೀಚೆಗೆ ಮನೆಯಲ್ಲಿ ಮೂರನೆಯ ಪದವೊಂದು ಕಾಣಿಸಿಕೊಂಡಿತ್ತು. ಒಂದು ವರ್ಷದ ಕೆಳಗೆ, ಹಿತ್ತಿಲ ಬಾಗಿಲಿನ ಚಿಲಕ ಸರಿಮಾಡಿಸಿ ಎಂದಾಗ ಹವಾಲ್ದಾರರು ಪತ್ರಿಕೆಯಿಂದ ತಲೆ ಎತ್ತದೆ, “ನೋಡೋಣ,” ಎಂದಿದ್ದರು. ಚಿಲಕದ ಮಾತು ಬಿಡಿ. ಮೂವತ್ತು ವರ್ಷದಲ್ಲಿ ಆ ಮನುಷ್ಯನ ಬಾಯಲ್ಲಿ ‘ನೋಡೋಣ’ ಬಂದಿರಲಿಲ್ಲ. ಅದು ರಾಜಕಾರಣಿಗಳ ಪದ, ಹೌದೂ ಅಲ್ಲ, ಇಲ್ಲವೂ ಅಲ್ಲ, ಅಡ್ಡಗೋಡೆಯ ಮೇಲಿನ ದೀಪ. ಅವತ್ತು ಮೇಟ್ರನಮ್ಮನಿಗೆ, ನಾನು ಮದುವೆಯಾದವರು ಎಲ್ಲಿಗೋ ಹೊರಟಿದ್ದಾರೆ, ನನಗೆ ಹೇಳದೆ ಹೊರಟಿದ್ದಾರೆ ಎನ್ನಿಸಿತ್ತು.

ಆಸ್ಪತ್ರೆಗೆ ಕಾಲಿಟ್ಟರೆ ಅಲ್ಲಿ ಎಲ್ಲರ ಕಣ್ಣೂ ಅವರ ಮೇಲೆ. ವಾರ್ಡು ಗುಡಿಸುವ ಆಯಾ ಪೊರಕೆ ಗೋಡೆಗೆ ಒರಗಿಸಿ ಎದುರು ಬಂದಳು. ಆ ಆಸ್ಪತ್ರೆಯಲ್ಲೇ ಹುಟ್ಟಿ, ಅಲ್ಲೇ ಮೂರು ಹೆತ್ತು, ಅಲ್ಲೇ ಕೆಲಸಕ್ಕೆ ಸೇರಿದವಳು.

“ಅಕ್ಕಾ, ಸಾಹೇಬ್ರು ಏನಂದ್ರು?”

“ನಾನು ಕೇಳಲಿಲ್ಲ ಕಣೆ.”

“ಕೇಳಲಿಲ್ವಾ!” ಆಯಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. “ನಾನಾಗಿದ್ರೆ ಊಟ ಬಡಿಸ್ತಿರ್ಲಿಲ್ಲ. ಹೇಳಿದ್ರೆ ಅನ್ನ, ಇಲ್ದಿದ್ರೆ ಉಪವಾಸ ಅಂತಿದ್ದೆ.”

“ಅವ್ರು ಊಟ ಮಾಡ್ದೇನೇ ಹೋದ್ರು,” ಎಂದರು ಮೇಟ್ರನಮ್ಮ. ಅದನ್ನು ಹೇಳುವಾಗ ದನಿ ಯಾಕೋ ಒಂದು ಮೆಟ್ಟಿಲು ಕೆಳಗಿಳಿಯಿತು.

ಮಧ್ಯಾಹ್ನ ಮೇಷ್ಟ್ರು ಬಂದರು. ರಾಜಧಾನಿಗೆ ಹೋಗುವ ಬಸ್ಸು ಹಿಡಿಯುವ ಮೊದಲು ಶಾಸಕರ ಕನ್ನಡಕದ ಪೆಟ್ಟಿಗೆ ಕೇಳಿಕೊಂಡು ಬಂದವರು, ಸುದ್ದಿಯ ಪೆಟ್ಟಿಗೆ ಬಿಚ್ಚಿದರು.

“ತಾಯಿ, ಯಾರಿಗೂ ಹೇಳ್ಬೇಡಿ. ಮಂತ್ರಿ ಪದವಿ ಗ್ಯಾರಂಟಿ ಅಂತೆ. ದೊಡ್ಡಣ್ಣನೇ ಹೇಳಿದಾರೆ. ಮಸೂದೆ ದಡ ಮುಟ್ಟಿದ ಮಾರನೇ ದಿನಾನೇ ಪ್ರಮಾಣವಚನ.”

“ಅವ್ರು ಏನಂದ್ರಂತೆ?”

“ಅದನ್ನ ನಾನು ನಿಮ್ಮನ್ನ ಕೇಳ್ಬೇಕು! ಫೋನು ಬಂದಾಗ ನೀವಲ್ವಾ ಮನೇಲಿದ್ದದ್ದು? ಸರಿ ಅಂದ್ರಾ, ಆಯ್ತು ಅಂದ್ರಾ?”

ಕನ್ನಡಕದ ಪೆಟ್ಟಿಗೆ ಮೇಜಿನ ಮೇಲಿದೆ ಎಂದು ಮೇಟ್ರನಮ್ಮ ಮನೆಯ ಕೀಲಿ ಅವರ ಕೈಗಿಟ್ಟರು. ಮೇಷ್ಟ್ರು ಹೊರಟ ಮೇಲೆ ಮಕ್ಕಳ ತೂಕ ನೋಡುವ ತಕ್ಕಡಿಯನ್ನು ಒರೆಸಿದ್ದೇ ಒರೆಸಿದರು. ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಆದರೂ ಬಿಡಲಿಲ್ಲ. ಮಂತ್ರಿಯ ಹೆಂಡತಿ ಎನ್ನಿಸಿಕೊಳ್ಳುವ ಆಸೆ ಅವರಿಗೆ ಇರಲೇ ಇಲ್ಲ ಎಂದರೆ ನಾನು ಸುಳ್ಳು ಹೇಳಿದ ಹಾಗಾಗುತ್ತದೆ. ಒಂದು ಗಳಿಗೆ ಬಂತು, ಬಂದು ಹೋಯಿತು. ಆಮೇಲೆ ನಾಲ್ಕನೇ ಮಂಚದ ಹುಡುಗಿ ನೀರು ಕೇಳಿದಳು, ಎದ್ದು ಹೋದರು.

ಮಾರನೇ ದಿನ ಹನ್ನೊಂದು ಗಂಟೆಗೆ ಆಸ್ಪತ್ರೆಯ ಹೊರಗೋಡೆಗೆ ಒರಗಿದ್ದವರೂ ಒಳಗೆ ಬಂದು ಕಾಯುವ ಹಾಲ್‌ನಲ್ಲಿ ತುಂಬಿದ್ದರು. ಅಲ್ಲಿ ಗೋಡೆಗೆ ಟಿವಿ ಇತ್ತು, ಸಭೆಯ ಕಲಾಪ ಬರುತ್ತಿತ್ತು. ತುಂಬು ಬಸುರಿಯರು ಬೆಂಚುಗಳ ಮೇಲೆ, ಅವರ ಅತ್ತೆ ಅಮ್ಮಂದಿರು ನೆಲದ ಮೇಲೆ. ಡಾಕ್ಟರಮ್ಮ ಕೂಡ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಪರ ಎಷ್ಟು, ವಿರುದ್ಧ ಎಷ್ಟು ಎಂಬುದು ಕೂದಲೆಳೆಯ ಮೇಲಿತ್ತು, ಒಬ್ಬರು ಆಚೆ ಹೋದರೆ ಮಸೂದೆ ಬಿತ್ತು. ಆ ಒಬ್ಬರು ಯಾರೆಂದು ಹಾಲ್‌ನಲ್ಲಿ ಎಲ್ಲರಿಗೂ ಗೊತ್ತಿತ್ತು.

ಮೇಟ್ರನಮ್ಮ ಅಲ್ಲಿರಲಿಲ್ಲ. ಕತ್ತರಿ, ಚಿಮಟಗಳನ್ನು ಹಬೆಯಲ್ಲಿ ಬೇಯಿಸುವ ಆಟೋಕ್ಲೇವ್ ಇರುವ ಹಿಂದಿನ ಕೋಣೆಯಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು. ಹಬೆ ಏರಿದ ಮೇಲೆ ಯಾರಾದರೂ ಒತ್ತಡದ ಮುಳ್ಳು ನೋಡುತ್ತಾ ಪಕ್ಕದಲ್ಲೇ ಇರಬೇಕು ಎಂಬುದು ನಿಯಮ. ಆ ‘ಯಾರಾದರೂ’ ಮೇಟ್ರನ್ನೇ ಆಗಬೇಕೆಂದು ನಿಯಮದಲ್ಲಿ ಇರಲಿಲ್ಲ. ಅವತ್ತು ಅವರೇ ಬೇಕೆಂದು ಕೂತರು. ಗಂಡ ಎಲ್ಲರೆದುರು ಎದ್ದು ನಿಂತು ಆಯ್ತು ಎನ್ನುವುದನ್ನು ನೋಡಲು ಅವರಿಂದಾಗುತ್ತಿರಲಿಲ್ಲ. ಆಸ್ಪತ್ರೆ ಹೋದರೆ ಹೋಗಲಿ, ಇನ್ನೆರಡು ವರ್ಷಕ್ಕೆ ಹೇಗೂ ನಿವೃತ್ತಿ. ಆದರೆ ಆ ಮನುಷ್ಯ ಹೋಗಬಾರದು. ಅದೊಂದೇ ಅವರ ಎದೆಯಲ್ಲಿ ಗಿರಗಿರ ಸುತ್ತುತ್ತಿತ್ತು.

ಹಾಲ್‌ನಿಂದ ಸಭಾಧ್ಯಕ್ಷರ ದನಿ ಅಸ್ಪಷ್ಟವಾಗಿ ಕೇಳುತ್ತಿತ್ತು. ಒಬ್ಬೊಬ್ಬರ ಹೆಸರು, ಪ್ರಶ್ನೆ, ಉತ್ತರ. ಆಮೇಲೆ ಹಾಲ್ ಇದ್ದಕ್ಕಿದ್ದಂತೆ ತೆಪ್ಪಗಾಯಿತು. ಅಂದರೆ ಅವರ ಸರದಿ ಬಂದಿದೆ. ಮೇಟ್ರನಮ್ಮ ಮುಳ್ಳಿನ ಮೇಲೆಯೇ ಕಣ್ಣಿಟ್ಟರು. ಒಂದು ನಿಮಿಷದಲ್ಲಿ, “ಅಯ್ಯಯ್ಯೋ!” ಎಂದು ಹತ್ತು ಹೆಂಗಸರು ಒಟ್ಟಿಗೆ ಕೂಗಿದ್ದು ಕೇಳಿಸಿತು. ಚಪ್ಪಲಿಯ ಪಟಪಟ ಸದ್ದಿನ ಜೊತೆ ಆಯಾ ಬಾಗಿಲಲ್ಲಿ ನಿಂತಳು. ಕಣ್ಣು ತುಂಬಿತ್ತು.

“ಅಕ್ಕಾ, ಮುಗೀತು. ಒಪ್ಪಿಬಿಟ್ರು.”

ಮೇಟ್ರನಮ್ಮ ಸ್ಟೂಲಿನ ಅಂಚು ಹಿಡಿದುಕೊಂಡರು. “ಏನಂದ್ರು? ಅಂದಿದ್ದನ್ನ ಹಾಗೇ ಹೇಳು.”

“ಎದ್ರು. ಸಭಾಧ್ಯಕ್ಷರು ಕೇಳಿದ್ದನ್ನೇ ಅವ್ರೂ ಹೇಳಿದ್ರು, ಹೆರಿಗೆ ಆಸ್ಪತ್ರೆ ಮುಚ್ಚೋ ಮಸೂದೆ, ಪರವೋ ವಿರುದ್ಧವೋ ಅಂತ. ಆಮೇಲೆ ಸುಮ್ನೆ ನಿಂತ್ಕೊಂಡ್ರು. ಆಮೇಲೆ ಅಂದ್ರು.”

“ಏನಂತ? ಆಯ್ತು ಅಂದ್ರಾ?”

“ಸರಿ ಅಂದ್ರು.”

“ಸರಿ ಅಂದ್ರಾ? ಆಯ್ತು ಅನ್ಲಿಲ್ವಾ? ನಿನ್ನ ಕಿವಿ ಮೇಲಾಣೆ ಹೇಳು!”

“ಸರಿ ಅಂತಾನೇ ಅಂದ್ರು ಅಕ್ಕಾ. ಇನ್ನೇನು ಬೇಕು? ಸರಿ ಅಂದ್ರೆ ಸರಿ ಅಂತ ತಾನೆ!”

ಇಡೀ ಆಸ್ಪತ್ರೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ ಆ ಗಳಿಗೆಯಲ್ಲಿ ಮೇಟ್ರನಮ್ಮ ನಕ್ಕುಬಿಟ್ಟರು. ನಗು ಹೊಟ್ಟೆಯಿಂದ ಎದ್ದು ಬಂತು, ಜೊತೆಯಲ್ಲೇ ಕಣ್ಣೀರೂ ಬಂತು. ಕೋಟಿನ ತೋಳಿನಿಂದ ಮುಖ ಒರೆಸಿಕೊಂಡರು. ಹಿಂದಿನ ಬೆಳಿಗ್ಗೆಯಿಂದ ಹಿಡಿದಿಟ್ಟಿದ್ದ ಉಸಿರು ಈಗ ಬಿಟ್ಟ ಹಾಗಾಯಿತು. ಅಕ್ಕನಿಗೆ ಆಘಾತಕ್ಕೆ ತಲೆ ಕೆಟ್ಟಿತು ಎಂದೇ ಆಯಾ ತಿಳಿದಳು, ನೀರು ತರಲು ತಿರುಗಿದಳು.

“ನೀರು ಬೇಡ ಕಣೆ. ಹೋಗಿ ಪೂರ್ತಿ ಕೇಳಿಸ್ಕೊಂಡು ಬಾ. ಅವ್ರಿನ್ನೂ ಓಟು ಹಾಕಿಲ್ಲ.”

ಆಯಾ ಎರಡು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ಹಾಲ್‌ನಿಂದ ಎಂಥಾ ಕೂಗು ಎದ್ದಿತೆಂದರೆ ವಾರ್ಡಿನಲ್ಲಿದ್ದ ಎರಡು ದಿನದ ಕೂಸೂ ಬೆಚ್ಚಿ ಅದಕ್ಕೆ ದನಿಗೂಡಿಸಿತು. ಸಭೆಯ ಗುಮಾಸ್ತ ‘ಪರ’ ಎಂದು ಬರೆಯಲು ಪೆನ್ನು ಇಟ್ಟಿದ್ದನಂತೆ. ಹವಾಲ್ದಾರರು ಕೈ ಎತ್ತಿ ತಡೆದು, “ಬರೀಬೇಡಿ. ಸರಿ ಅಂದ್ರೆ ಕೇಳಿಸ್ತು ಅಂತ. ನನ್ನ ಮತ ವಿರುದ್ಧ,” ಎಂದರಂತೆ. ಅವರಾದ ಮೇಲೆ ಸರದಿಯಲ್ಲಿದ್ದ ಇನ್ನಿಬ್ಬರಿಗೂ ಎಲ್ಲಿಂದಲೋ ಧೈರ್ಯ ಬಂತು. ಮಸೂದೆ ಮಕಾಡೆ ಮಲಗಿತು. ಡಾಕ್ಟರಮ್ಮ ಯಾರದೋ ಅತ್ತೆಯನ್ನು ತಬ್ಬಿಕೊಂಡರು. ಎಂಟು ತಿಂಗಳ ಬಸುರಿಯೊಬ್ಬಳು ಬೆಂಚಿನ ಮೇಲೆ ಹತ್ತಿ ನಿಲ್ಲಲು ಹೋಗಿ ಬೈಸಿಕೊಂಡಳು. ಮೇಟ್ರನಮ್ಮ ಮುಳ್ಳು ಇಳಿಯುವವರೆಗೂ ಕೂತಿದ್ದು, ಆಟೋಕ್ಲೇವ್ ಆರಿಸಿಯೇ ಎದ್ದರು.

ಹವಾಲ್ದಾರರು ಮನೆಗೆ ಬಂದದ್ದು ಅದರ ಮಾರನೇ ದಿನ ಬೆಳಿಗ್ಗೆ, ಬಸ್ಸಿನಲ್ಲಿ. ಕಾರು ಪಕ್ಷದ್ದು, ಪಕ್ಷವೇ ಅವರನ್ನು ಹೊರಗೆ ಹಾಕಿತ್ತು. ಸೂಟ್‌ಕೇಸು ಕೈಯಲ್ಲಿ ಹಿಡಿದು ಬಸ್‌ಸ್ಟಾಂಡಿನಿಂದ ನಡೆದು ಬರುವಾಗ ದಾರಿಯುದ್ದಕ್ಕೂ ಜನ ಅಂಗಡಿಯಿಂದ ಇಳಿದು ಇಳಿದು ಕೈ ಕುಲುಕಿದರಂತೆ. ಕಾಲು ಗಂಟೆಯ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಮನೆಗೆ ಬಂದವರು ಬೂಟು ಬಿಚ್ಚಿ, ಟೀ ಲೋಟ ಹಿಡಿದು ಕುರ್ಚಿಯಲ್ಲಿ ಕೂತರು. ಎಲ್ಲೆಡೆ ಹೊಗಳಿಸಿಕೊಂಡು ಬಂದವರ ಮುಖದಲ್ಲಿ ಹೊಗಳಿಕೆಯ ಗುರುತೇ ಇರಲಿಲ್ಲ.

ಮೇಟ್ರನಮ್ಮ ಅವರ ಬಲಗಿವಿಯ ಕಡೆ ಬೆತ್ತದ ಸ್ಟೂಲು ಎಳೆದುಕೊಂಡು ಕೂತರು. ಮಧ್ಯಾಹ್ನದ ಡ್ಯೂಟಿಗೆ ಕೋಟು ಆಗಲೇ ಹಾಕಿಕೊಂಡಿದ್ದರೂ ಇನ್ನೂ ಹೊತ್ತಿತ್ತು. ಹೇಳಬೇಕೆಂದು ಹಿಂದಿನ ದಿನದಿಂದ ಮನಸ್ಸಿನಲ್ಲೇ ಜೋಡಿಸಿಟ್ಟದ್ದನ್ನು ಹೇಳಿದರು.

“ನಿಮ್ಮ ಹತ್ರ ಒಂದು ಮಾತು ಒಪ್ಪಿಸ್ಬೇಕು ರೀ. ಅವತ್ತು ಫೋನಲ್ಲಿ ನೀವು ಕೊನೇಲಿ ಅಂದಿದ್ದು ನಂಗೆ ಕೇಳಿಸ್ಲಿಲ್ಲ, ಕುಕ್ಕರು ಕೂಗ್ತು. ಆಯ್ತು ಅಂದ್ರೇನೋ ಅಂತ ಅನುಮಾನ ಪಟ್ಟೆ. ಮಂತ್ರಿ ಆಗೋ ಆಸೆಗೆ ಬಿದ್ರು ಅಂತ ಮನಸ್ಸಲ್ಲೇ ಬೈದ್ಕೊಂಡೆ. ಮೂವತ್ತು ವರ್ಷ ಜೊತೇಲಿದ್ದು ಹಾಗೆ ಅಂದ್ಕೋಬಾರ್ದಿತ್ತು. ತಪ್ಪಾಯ್ತು.”

ಹವಾಲ್ದಾರರು ಲೋಟ ಕೆಳಗಿಟ್ಟರು.

“ತಪ್ಪಾಗ್ಲಿಲ್ಲ,” ಎಂದರು.

“ಏನು?”

“ನೀನು ಅಂದ್ಕೊಂಡಿದ್ದು ತಪ್ಪಲ್ಲ. ಫೋನಲ್ಲಿ ನಾನು ಆಯ್ತು ಅಂತಾನೇ ಅಂದಿದ್ದು.”

ಪಕ್ಕದ ಮನೆಯ ನಲ್ಲಿಯಲ್ಲಿ ಬಕೆಟು ತುಂಬಿ ಸುರಿಯುತ್ತಿತ್ತು, ನಿಲ್ಲಿಸುವವರಿರಲಿಲ್ಲ.

“ಮಂತ್ರಿ ಮಾಡ್ತೀವಿ ಅಂದ್ರು. ನನ್ನ ಕೈಕೆಳಗೆ ಕಾಫಿ ತಂದ್ಕೊಡ್ತಿದ್ದವ್ರೂ ಮಂತ್ರಿ ಆದ್ರು, ನಾನ್ಯಾಕೆ ಆಗ್ಬಾರ್ದು ಅನ್ನಿಸ್ತು. ಆಸೆ ಕಣೆ. ಮುಚ್ಚುಮರೆ ಯಾಕೆ, ಆಸೆ. ಅದಕ್ಕೇ ನಿನ್ನ ಮುಖ ನೋಡೋಕಾಗ್ದೆ ಊಟಕ್ಕೂ ನಿಲ್ದೆ ಹೋದೆ. ಸಭೇಲಿ ಎದ್ದಿದ್ದೂ ಪರ ಅನ್ನೋಕೇನೇ.”

“ಮತ್ತೆ?”

“ಸಭಾಧ್ಯಕ್ಷರು ಕೇಳಿದ್ದನ್ನ ತಿರುಗಿ ಹೇಳ್ದೆ. ಬೇಕು ಅಂತಲ್ಲ, ಬಾಯಿ ತಾನಾಗೇ ಹೇಳ್ತು. ಫೋನಲ್ಲಿ ಹೇಳ್ದಾಗ ಅದು ದೊಡ್ಡಣ್ಣನ ಮಾತು, ನಾನು ಬರೀ ಒಪ್ಪಿಸ್ತಿದ್ದೆ. ಅಲ್ಲಿ ಎದುರಿಗೆ ಮೈಕಿತ್ತು. ನನ್ನ ದನಿ ಛಾವಣಿಯಿಂದ ತಿರುಗಿ ನನ್ನ ಕಿವಿಗೇ ಬಿತ್ತು. ಹೆರಿಗೆ ಆಸ್ಪತ್ರೆ ಮುಚ್ಚೋದು. ಯಾವನಪ್ಪ ಇವನು, ಇಂಥಾ ಮಾತಾಡ್ತಿರೋನು ಅನ್ನಿಸ್ತು. ಪರ ಅನ್ನೋ ಪದ ಗಂಟಲು ಬಿಟ್ಟು ಬರ್ಲಿಲ್ಲ. ಬಂದಿದ್ದು ಸರಿ ಮಾತ್ರ. ತಿರುಗಿ ಹೇಳೋದು ಇದಕ್ಕೇ ತಾನೆ, ತಪ್ಪಿದ್ರೆ ಅಲ್ಲೇ ಸಿಕ್ಲಿ ಅಂತ. ಇಷ್ಟು ವರ್ಷ ಬೇರೆಯವ್ರ ತಪ್ಪು ಹಿಡೀತಿದ್ದೆ.”

“ಅಲ್ಲಿ ನಿಂತಾಗ ನನ್ನ ನೆನಪಾಯ್ತಾ?”

ಹವಾಲ್ದಾರರು ಪ್ರಾಮಾಣಿಕವಾಗಿ ಯೋಚನೆ ಮಾಡಿದರು. “ಇಲ್ಲ.”

“ಅದೊಂದಾದ್ರೂ ಸುಳ್ಳು ಹೇಳ್ಬಹುದಿತ್ತು!”

ಸಿಟ್ಟು ಬಂತು ಮೇಟ್ರನಮ್ಮನಿಗೆ, ಸುಳ್ಳೇಕೆ. ತಾನು ಆಟೋಕ್ಲೇವ್ ಪಕ್ಕದಲ್ಲಿ ಕೂತು ‘ಸರಿ’ ಎಂಬ ಪದಕ್ಕೆ ಹುಚ್ಚಿಯ ಹಾಗೆ ನಕ್ಕಾಗ ಈ ಮನುಷ್ಯ ಇನ್ನೂ ಎರಡು ದೋಣಿಯಲ್ಲಿ ಕಾಲಿಟ್ಟು ನಿಂತಿದ್ದರು. ಊರೆಲ್ಲ ಕೈ ಕುಲುಕಿದ್ದು ಅರ್ಧ ಸತ್ಯಕ್ಕೆ. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಪಕ್ಕದ ಮನೆಯವಳಿಗೆ ನಲ್ಲಿ ನಿಲ್ಲಿಸೆ ಎಂದು ಒಂದು ಕೂಗು ಹಾಕಿದರು. ಕೂಗಿದ ಮೇಲೆ ಸಿಟ್ಟು ಅರ್ಧ ಇಳಿಯಿತು. ಇಳಿದ ಜಾಗದಲ್ಲಿ ಏನಿದೆ ಎಂದು ನೋಡಿದರೆ, ಅಲ್ಲಿ ನಿನ್ನೆಗಿಂತ ದೊಡ್ಡ ನೆಮ್ಮದಿ ಇತ್ತು. ಇವರು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಕುಕ್ಕರೇನು ಸಾಕ್ಷಿ ಹೇಳಲು ಬರುತ್ತಿರಲಿಲ್ಲ.

“ಹೇಳ್ದೆ ಇದ್ದಿದ್ರೆ ನಾನು ಸಾಯೋವರೆಗೂ ನಿಮ್ಮನ್ನ ದೊಡ್ಡ ಮನುಷ್ಯ ಅಂದ್ಕೊಂಡೇ ಇರ್ತಿದ್ದೆ,” ಎಂದರು, ಕಿಟಕಿಯ ಕಡೆಯೇ ಮುಖ ಮಾಡಿಕೊಂಡು.

“ಈಗ?”

“ಈಗ ನಿಮ್ಮನ್ನ ಏನು ಕೇಳೋಕೂ ಹೆದರಿಕೆ ಇಲ್ಲ.”

ಈ ಮಾತನ್ನು ಮಾತ್ರ ಹವಾಲ್ದಾರರು ತಿರುಗಿ ಹೇಳಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸತೊಡಗಿದರು, ಒರೆಸುತ್ತಲೇ ಇದ್ದರು. ಮೇಟ್ರನಮ್ಮ ಹತ್ತಿರ ಬಂದು ಕನ್ನಡಕ ಕಸಿದು ಮೇಜಿನ ಮೇಲಿಟ್ಟು, ಅವರ ತಲೆಯನ್ನು ತಮ್ಮ ಬಿಳಿ ಕೋಟಿಗೆ ಒತ್ತಿ ಹಿಡಿದುಕೊಂಡರು. ಹೊರಗೆ ಗೇಟಿನ ಹತ್ತಿರ ಯಾರೋ ಶಾಸಕರನ್ನು ಕೇಳುತ್ತಿದ್ದರು. ಅವರು ಊಟ ಮಾಡ್ತಿದಾರೆ, ಆಮೇಲೆ ಬನ್ನಿ ಎಂದು ಮೇಟ್ರನಮ್ಮ ಅಲ್ಲಿಂದಲೇ ಕೂಗಿ ಹೇಳಿದರು.